ಹಿಮಕ್ಕೆ ಒದ್ದೆ ಪಂಚೆ ಹೊದೆಸಿದ್ದು

ಬೆಂಗಳೂರು ವಿಮಾನ ನಿಲ್ದಾಣ

ತಪಾಸಣೆಯ ಹುಡುಗಿ ನನ್ನ ಕೈಚೀಲದಿಂದ ಒಂದು ಪ್ಲಾಸ್ಟಿಕ್ ಪೊಟ್ಟಣ ಎತ್ತಿ ಹಿಡಿದಳು. "ಅಂಕಲ್, ಏನಿದು?"

"ಮಣ್ಣು," ಎಂದೆ.

"ಎಂಥ ಮಣ್ಣು?"

"ಗುಡ್ನಾಪುರದ ಕೆರೆ ಮಣ್ಣವ್ವಾ. ಹದ ಮಾಡಿದ್ದು. ಬೇಕಿದ್ರ ಮುಟ್ಟಿ ನೋಡು, ಬೆಣ್ಣಿ ಇದ್ದಂಗ ಐತಿ."

ಅವಳು ಮುಟ್ಟಲಿಲ್ಲ. ಮೇಲಿನವರನ್ನು ಕರೆದಳು, ಅವರು ತಮ್ಮ ಮೇಲಿನವರನ್ನು ಕರೆದರು. ಒಂದು ಕಾಗದದ ಚೂರಿನಿಂದ ಪೊಟ್ಟಣ ಒರೆಸಿ ಯಂತ್ರಕ್ಕೆ ಕೊಟ್ಟರು. ಇಡೀ ಜೀವನ ಮಣ್ಣು ಕಲಸಿದವನು ನಾನು, ಒಂದು ಮುಷ್ಟಿ ಮಣ್ಣನ್ನು ಯಾರೂ ಇಷ್ಟು ಗಂಭೀರವಾಗಿ ನೋಡಿದ್ದನ್ನು ಕಂಡಿರಲಿಲ್ಲ. ಒಳಗೊಳಗೇ ಹೆಮ್ಮೆಯೂ ಆಯಿತು. ಅಷ್ಟರಲ್ಲಿ ಅವರು ಅದನ್ನು ಕಸದ ಡಬ್ಬಿಗೆ ಹಾಕಿಬಿಟ್ಟರು.

"ಬ್ಯಾಡ್ರಿ ಬ್ಯಾಡ್ರಿ ಅಂತ ಬಡಕೊಂಡ್ನಿ," ಎಂದಳು ಹಿಂದೆ ನಿಂತಿದ್ದ ಹೆಂಡತಿ ಗಿರಿಜಾ. "ಊರ ಮಂದಿ ಮುಂದ ಮರ್ಯಾದಿ ಹೋತು."

ಮಣ್ಣು ಒಯ್ದದ್ದಕ್ಕೆ ಕಾರಣವಿತ್ತು. ನನ್ನ ಬಲಗೈ ಹೆಬ್ಬೆರಳಿನ ಬುಡದ ಕೀಲು ಸವೆದಿದೆ. ಶಿರಸಿಯ ಎಲುಬಿನ ಡಾಕ್ಟರು ಇನ್ನು ಉಳಿ ಸುತ್ತಿಗೆ ಮುಟ್ಟಬೇಡಿ ಎಂದಿದ್ದಾರೆ. ಬೇಕಾದರೆ ದಿನಾ ಏನಾದರೂ ಮೆತ್ತಗಿನದನ್ನು ನಾದಿ, ಬೆರಳು ಜಡ್ಡುಗಟ್ಟುವುದಿಲ್ಲ ಎಂದೂ ಹೇಳಿದ್ದಾರೆ. ಅದಕ್ಕೇ ಆ ಮಣ್ಣು.

ಕೈಗೆ ಸಿಕ್ಕಿದ್ದನ್ನು ಏನಾದರೂ ಮಾಡಿಬಿಡುವ ಚಾಳಿ ನನಗೆ ಹುಟ್ಟಿನಿಂದಲೇ ಅಂಟಿದ್ದು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಓಣಿಯ ಹೆಂಗಸರು ಎತ್ತು ಮಾಡಿಸಿಕೊಳ್ಳಲು ನಮ್ಮ ಕಟ್ಟೆಗೆ ಬರುತ್ತಿದ್ದರು. ಆಗ ನನಗಿನ್ನೂ ನನ್ನ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಮುಂದೆ ಸಿದ್ದಾಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರನಾದೆ. ಕಲ್ಲು, ಕಟ್ಟಿಗೆ, ಸಿಮೆಂಟು, ಅಡಿಕೆ ಹಾಳೆ, ತೆಂಗಿನ ಕರಟ, ಗ್ಯಾರೇಜಿನ ಗುಜರಿ, ಹಳೇ ಟೈರು, ಒಂದನ್ನೂ ಬಿಡಲಿಲ್ಲ. ಉಮ್ಮಚಗಿಗೆ ಮದುವೆ ಊಟಕ್ಕೆಂದು ಹೋದವನು ಒಂದು ಬೇರಿನ ಬೊಡ್ಡೆ ಹೊತ್ತುಕೊಂಡು ಶಿರಸಿಯ ಬಸ್ಸು ಹತ್ತಿದ್ದೆ. ಕಂಡಕ್ಟರು ಅದಕ್ಕೂ ಒಂದು ಟಿಕೆಟ್ ಹರಿದ. ನಮ್ಮ ಮನೆಯಲ್ಲಿ ಮೈಸೋಪನ್ನು ಬಚ್ಚಿಡುತ್ತಾರೆ. ಹೊರಗಿಟ್ಟರೆ ಸಂಜೆಯೊಳಗೆ ಅದು ಮೊಲವೋ ಮೊಸಳೆಯೋ ಆಗಿರುತ್ತದೆ.

ಈಗ ಆ ಹೆಬ್ಬೆರಳು ಕೈಕೊಟ್ಟಿತ್ತು. ಮಗ ಮಂಜು ಶಿರಸಿಯ ನಮ್ಮ ಮನೆಗೆ ಹೊಂದಿಕೊಂಡೇ ಹಿಟ್ಟಿನ ಗಿರಣಿ ನಡೆಸುತ್ತಾನೆ. ಖಾರ ಕುಟ್ಟುವ ಯಂತ್ರ ಕೂಡಿಸಲು ಅವನಿಗೆ ಜಾಗ ಬೇಕು. ಇರುವ ಜಾಗವೆಂದರೆ ಹಿತ್ತಲಿನಲ್ಲಿರುವ ನನ್ನ ಶೆಡ್ಡು. ಅವನು ಬಾಯಿಬಿಟ್ಟು ಕೇಳಲಿಲ್ಲ, ಒಳ್ಳೆಯ ಹುಡುಗ. ಕೇಳಿದವಳು ಗಿರಿಜಾ. ಸಂಜೆಯಾದರೆ ನನ್ನ ಕೈ ಊದಿ, ರೊಟ್ಟಿ ಮುರಿಯಲಾಗದೆ ನಾನು ಮನೆಮಂದಿಯ ಮೇಲೆಲ್ಲ ಹಾರಾಡುತ್ತಿದ್ದೆ. ಅದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು.

ಅದೇ ಹೊತ್ತಿಗೆ ಫಿನ್ಲೆಂಡಿನಿಂದ ಕರೆ ಬಂತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಾನು ಮಾಡಿದ ಅಡಿಕೆ ಹಾಳೆಯ ಆನೆಗಳ ಫೋಟೊ ಅಲ್ಲಿಗೆ ಕಳಿಸಿದ್ದಳಂತೆ. ಆ ದೇಶದ ಉತ್ತರದ ತುದಿಯ ಸಣ್ಣ ಊರೊಂದರಲ್ಲಿ ಹಿಮದಲ್ಲಿ ಮೂರ್ತಿ ಮಾಡುವವರು ಸೇರುತ್ತಾರೆ, ಇಬ್ಬರು ಬನ್ನಿ ಎಂದಿದ್ದರು. ನಾನು ಕುಣಿದಾಡಿಬಿಟ್ಟೆ. ಗಿರಿಜಾ ಬೇಡವೆಂದಳು. ಮಾತಿಗೆ ಮಾತು ಬೆಳೆದು ನಾನು, "ಹಿಮ ಅಂದ್ರ ಮೆತ್ತಗ ಇರತೈತಿ. ಅದರಾಗೂ ಈ ಕೈ ನಡೀಲಿಲ್ಲ ಅಂದ್ರ ಬಂದ ದಿನಾನ ಶೆಡ್ ಖಾಲಿ ಮಾಡ್ತೀನಿ. ಮಂಜು ಖಾರ ಕುಟ್ಲಿ!" ಎಂದು ಕೂಗಿದೆ.

"ಮಾತಿಗೆ ತಪ್ಪಬಾರದು ಮತ್ತ," ಎಂದು ಅವಳು ಪೆಟ್ಟಿಗೆ ತುಂಬಲು ಹೋದಳು.

ಹೆಲ್ಮಿಯ ಮನೆ

ನಮ್ಮನ್ನು ಇಳಿಸಿಕೊಂಡವರು ಹೆಲ್ಮಿ ಎಂಬ ಹೆಂಗಸು. ವಯಸ್ಸಿನಲ್ಲಿ ನನ್ನ ಓರಗೆಯವರು, ಎತ್ತರದಲ್ಲಿ ನನಗಿಂತ ಒಂದು ಗೇಣು ಹೆಚ್ಚು. ಶಾಲೆಯಲ್ಲಿ ಮಕ್ಕಳಿಗೆ ಹೊಲಿಗೆ ಮತ್ತು ಮರಗೆಲಸ ಕಲಿಸಿ ನಿವೃತ್ತರಾದವರು. ಅಲ್ಲಿ ಗಂಡು ಹುಡುಗರೂ ಹೊಲಿಗೆ ಕಲಿಯುತ್ತಾರಂತೆ. ಇದನ್ನು ಕೇಳಿ ಗಿರಿಜಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ವಿಮಾನ ನಿಲ್ದಾಣದಿಂದ ಊರಿಗೆ ಕಾರಿನಲ್ಲಿ ಬಹಳ ದೂರ. ಹೆಲ್ಮಿ ಒಂದು ಮಾತೂ ಆಡಲಿಲ್ಲ. ಎರಡೂ ಕಡೆ ಬಿಳಿ ಕಾಡು, ಮುಂದೆ ಬಿಳಿ ರಸ್ತೆ, ನಡುವೆ ಈ ಮೌನ. ನಮ್ಮಲ್ಲಿ ಶಿರಸಿಯಿಂದ ಸಿದ್ದಾಪುರಕ್ಕೆ ಹೋಗುವಷ್ಟರಲ್ಲಿ ಪಕ್ಕದ ಸೀಟಿನವನ ತಂಗಿಗೆ ಎಷ್ಟು ಗಂಡು ಬಂದು ಹೋದವು, ಯಾವುದು ಯಾಕೆ ಮುರಿಯಿತು ಎಂಬುದೆಲ್ಲ ತಿಳಿದುಹೋಗಿರುತ್ತದೆ.

"ನಾವು ಬಂದಿದ್ದು ಈಕಿಗೆ ಬ್ಯಾಸರ ಆಗೇತೇನ್ರಿ?" ಎಂದು ಗಿರಿಜಾ ಪಿಸುಗುಟ್ಟಿದಳು.

ಬೇಸರವಲ್ಲ ಎಂದು ತಿಳಿದದ್ದು ಮನೆ ಮುಟ್ಟಿದ ಮೇಲೆ. ನಮ್ಮ ಹಾಗೆಯೇ ಅವರೂ ಚಪ್ಪಲಿ, ಬೂಟುಗಳನ್ನು ಬಾಗಿಲಲ್ಲೇ ಬಿಡುತ್ತಾರೆ. ಅದರಿಂದಲೇ ಗಿರಿಜಾಗೆ ಅರ್ಧ ಜೀವ ಬಂತು. ಉಳಿದರ್ಧ ಅಡುಗೆಮನೆಯಲ್ಲಿ ಬಂತು. ಹೆಲ್ಮಿ ಒಲೆಯಿಂದ ಸಿಹಿ ಬನ್ನು ತೆಗೆದರು, ಮನೆಯೆಲ್ಲ ಯಾಲಕ್ಕಿಯ ಘಮ. ಆ ದೇಶದಲ್ಲಿ ಯಾಲಕ್ಕಿಯ ಗಿಡವೇ ಇಲ್ಲ, ಆದರೆ ಯಾಲಕ್ಕಿ ಹಾಕದ ಬನ್ನನ್ನು ಅವರು ಬನ್ನೆಂದೇ ಒಪ್ಪುವುದಿಲ್ಲವಂತೆ. ಗಿರಿಜಾ ಮೂಸಿ ನೋಡಿ, "ಇದು ನಮ್ಮ ಕಡೀದ ಯಾಲಕ್ಕಿ" ಎಂದು ಸಾರಿದಳು. ಪೊಟ್ಟಣದ ಮೇಲೆ ಬೇರೆ ಯಾವುದೋ ದೇಶದ ಹೆಸರಿತ್ತು. ತೋರಿಸಿದೆ. "ಅವರು ಸುಳ್ಳ ಬರದಾರ," ಎಂದಳು.

ಆಮೇಲೆ ಅವರಿಬ್ಬರಿಗೂ ಬಿಡದ ಗೆಳೆತನ. ಇವಳು ಕನ್ನಡದಲ್ಲಿ ಮಾತಾಡುವಳು, ಅವರು ತಮ್ಮ ಭಾಷೆಯಲ್ಲಿ ಹೂಂಗುಟ್ಟುವರು. ಇವಳ ಬಾಯಲ್ಲಿ ಅವರು ಹೆಲ್ಮವ್ವ ಆದರು. ನಾನು ಮಾತ್ರ ನನ್ನ ಹರಕು ಇಂಗ್ಲಿಷು ಹಿಡಿದುಕೊಂಡು ಒದ್ದಾಡಬೇಕಾಯಿತು. ಕಾರಿನಲ್ಲಿ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ. "ನೀವು ಕಿಟಕಿಯಾಚೆ ನೋಡುತ್ತಿದ್ದಿರಿ. ನೋಡುತ್ತಿರುವವರ ನಡುವೆ ಬಾಯಿ ಹಾಕುವುದು ಸರಿಯಲ್ಲ," ಎಂದರು.

ಎಂಥ ಒಳ್ಳೆಯ ಜನ ಎಂದುಕೊಂಡೆ. ಈ ಒಳ್ಳೆಯತನದಿಂದಲೇ ನನಗೆ ಪೆಟ್ಟು ಬೀಳಲಿದೆ ಎಂದು ಆಗ ಗೊತ್ತಿರಲಿಲ್ಲ.

ಕೆರೆಯ ದಂಡೆ

ಊರ ನಡುವೆ ಒಂದು ದೊಡ್ಡ ಕೆರೆ, ಪೂರ್ತಿ ಹೆಪ್ಪುಗಟ್ಟಿತ್ತು. ಅದರ ಮೇಲೆ ಕಾರು ಓಡುತ್ತಿದ್ದವು, ತಾಯಂದಿರು ಮಕ್ಕಳ ಗಾಡಿ ತಳ್ಳಿಕೊಂಡು ಹೋಗುತ್ತಿದ್ದರು. ಕೆರೆಯ ದಂಡೆಯಲ್ಲೇ ಹುಟ್ಟಿ ಬೆಳೆದ ನನಗೂ ಕಾಲಿಡಲು ಧೈರ್ಯವಾಗಲಿಲ್ಲ. ಗಿರಿಜಾ ಅಂತೂ ದಂಡೆಯಲ್ಲೇ ನಿಂತು ಕೈಮುಗಿದಳು.

ದಂಡೆಯ ಮೇಲೆ ಹಿಮವನ್ನು ಹಲಗೆಯ ಪೆಟ್ಟಿಗೆಗಳಲ್ಲಿ ತುಳಿದು ತುಂಬಿ, ಹಲಗೆ ಬಿಚ್ಚಿ, ಆಳೆತ್ತರದ ಗಟ್ಟಿಗಳನ್ನು ಸಾಲಾಗಿ ನಿಲ್ಲಿಸಿದ್ದರು. ತಂಡಕ್ಕೊಂದು ಗಟ್ಟಿ. ಕೆಂಪು ಟೋಪಿಯ ಮೇಲ್ವಿಚಾರಕರು ನಿಯಮ ಹೇಳಿದರು. ಕಡೆಯ ದಿನ ಸಂಜೆಗೆ ಯಾವ ಮೂರ್ತಿ ಗಟ್ಟಿಯಾಗಿ ನಿಂತಿದೆಯೋ ಅದು ಚಳಿಗಾಲ ಮುಗಿಯುವವರೆಗೆ ಇರುತ್ತದೆ. ಅರ್ಧಂಬರ್ಧ ಆದದ್ದನ್ನು ಜನರ ಮೈಮೇಲೆ ಬೀಳದಂತೆ ಯಂತ್ರ ತಂದು ನೆಲಸಮ ಮಾಡುತ್ತಾರೆ.

ಹಿಮವನ್ನು ಮೊದಲ ಸಲ ಮುಟ್ಟಿದೆ. ಮೆತ್ತಗಿರುತ್ತದೆ ಎಂದುಕೊಂಡಿದ್ದೆ. ತುಳಿದು ತುಂಬಿದ್ದು ಹಾಗಿರಲಿಲ್ಲ, ಗರಗಸ ಹಾಕಿದರೆ ಕರ್ ಎಂದು ಕೊಯ್ಯುತ್ತಿತ್ತು, ಪುಡಿ ಮಾತ್ರ ಒಣ ರವೆಯ ಹಾಗೆ ಉದುರುತ್ತಿತ್ತು. ಬೆರಳು ಒತ್ತಿದರೆ ಅಂಟುವುದಿಲ್ಲ, ಕೆತ್ತಿದರೆ ಹೊಳಪಿಲ್ಲ. ಹೊಸ ಸೊಸೆ ಮನೆಗೆ ಬಂದಾಗ ಅವಳ ಸ್ವಭಾವ ತಿಳಿಯುವವರೆಗೆ ಸುಮ್ಮನಿರಬೇಕಲ್ಲ, ಹಾಗೆ ಸ್ವಲ್ಪ ಹೊತ್ತು ಸುಮ್ಮನೆ ಅದರ ಸುತ್ತ ತಿರುಗಿದೆ. ಆಹಾ, ಗೊತ್ತಿಲ್ಲದ ವಸ್ತುವಿನ ಮುಂದೆ ನಿಲ್ಲುವ ಸುಖವೇ ಸುಖ!

ಮಲಗಿದ ಎತ್ತನ್ನು ಮಾಡುವುದೆಂದು ಶುರು ಮಾಡಿದೆ. ನಡು ಹಗಲಿನ ಹೊತ್ತಿಗೇ ಹೆಬ್ಬೆರಳು ಕೈಬಿಟ್ಟಿತು, ಸಲಿಕೆ ಜಾರಿ ಕಾಲ ಬಳಿ ಬಿತ್ತು. ಗಿರಿಜಾ ಅದನ್ನು ಎತ್ತಿ ಬದಿಗಿಟ್ಟಳು. ಉಣ್ಣೆಯ ಪ್ಯಾಂಟಿನ ಮೇಲೆ ಸೀರೆ, ಸೀರೆಯ ಮೇಲೆ ಕೋಟು, ಹೀಗಿತ್ತು ಅವಳ ವೇಷ. ಸೆರಗು ಸಿಕ್ಕಿಸಿ ಗರಗಸ ತೆಗೆದುಕೊಂಡಳು. ನಾನು ಹೇಳುವುದು, ಅವಳು ಕೊಯ್ಯುವುದು, ಆಮೇಲೆ ನಾನು ಅಂಗೈಯಿಂದ ಮೊಣಕೈಯಿಂದ ಉಜ್ಜಿ ಹದಕ್ಕೆ ತರುವುದು. ಅಲ್ಲಿ ಬಹಳ ಬೇಗ ಕತ್ತಲಾಗುತ್ತದೆ. ಅಷ್ಟರಲ್ಲಿ ಬೆನ್ನ ಮೇಲೆ ಇಣಿಯ ಡುಬ್ಬ ಎದ್ದಿತ್ತು, ಕೊರಳ ಗಂಗೆದೊಗಲು ಇಳಿಬಿದ್ದಿತ್ತು, ಒಂದು ಕೊಂಬು ಮೂಡಿತ್ತು. ಕೈ ನಡೆಯುತ್ತಿದೆ, ಶೆಡ್ಡು ಉಳಿಯುತ್ತದೆ ಎಂದು ನನಗೆ ಒಳಗೇ ಖುಷಿಯೋ ಖುಷಿ.

ಹೊರಡುವ ಮುಂಚೆ ನಾವಿಬ್ಬರೂ ಸೇರಿ ಒಂದು ಕೆಲಸ ಮಾಡಿದೆವು. ಚೀಲದಲ್ಲಿದ್ದ ನನ್ನ ಎರಡು ಪಂಚೆಗಳನ್ನು ಗಿರಿಜಾ ತಂಡಗಳಿಗೆಂದು ಇಟ್ಟಿದ್ದ ಬಕೆಟ್ಟಿನ ಬಿಸಿನೀರಿನಲ್ಲಿ ಅದ್ದಿದಳು. ನಾನು ಒಂದು ತುದಿ ಹಿಡಿದೆ, ಅವಳು ಇನ್ನೊಂದು. ಎತ್ತಿನ ಮೇಲೆ ನೀಟಾಗಿ ಹೊದೆಸಿ, ಅಂಚುಗಳನ್ನು ಒತ್ತಿ ಕೂರಿಸಿ, ಮನೆಗೆ ನಡೆದೆವು. ಮಣ್ಣಿನ ಕೆಲಸ ಮಾಡುವವರ ಮನೆಯಲ್ಲಿ ಇದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಅರೆಬರೆ ಮೂರ್ತಿಗೆ ಒದ್ದೆ ಬಟ್ಟೆ ಹೊದೆಸದೆ ಬಿಟ್ಟರೆ ಬೆಳಗಾಗುವುದರಲ್ಲಿ ಒಣಗಿ ಬಿರುಕು ಬಿಟ್ಟಿರುತ್ತದೆ. ಮದುವೆಯಾದಾಗಿನಿಂದ ಆ ಬಟ್ಟೆ ಅದ್ದಿಕೊಟ್ಟವಳು ಅವಳೇ.

ಸುತ್ತಲಿನ ತಂಡದವರೂ ನಮ್ಮ ಜೊತೆ ಬಂದಿದ್ದ ಹೆಲ್ಮಿಯೂ ನಿಂತು ನಮ್ಮನ್ನೇ ನೋಡುತ್ತಿದ್ದರು. ಮೆಚ್ಚುಗೆ ಎಂದುಕೊಂಡು ಕೈಬೀಸಿದೆ. ಅವರೂ ಬೀಸಿದರು.

ಮರುದಿನದ ಬೆಳಗು

ಪಂಚೆ ಕಲ್ಲಾಗಿತ್ತು. ಕಲ್ಲೆಂದರೆ ಕಲ್ಲು, ಬಡಿದರೆ ಠಣ್ ಎನ್ನುತ್ತಿತ್ತು. ಎತ್ತಿನ ಮೈಗೆ ಅದು ಕಚ್ಚಿ ಹಿಡಿದುಬಿಟ್ಟಿತ್ತು. ತುದಿ ಹಿಡಿದು ಎಳೆದೆ. ಕೊಂಬು ಬಂತು. ಇನ್ನೊಂದು ಕಡೆಯಿಂದ ಎಳೆದೆ. ಅರ್ಧ ಇಣಿಯೇ ಕಿತ್ತು ಬಂತು.

"ಎಳೀಬ್ಯಾಡ್ರಿ!" ಎಂದು ಕೂಗಿದ ಗಿರಿಜಾ ತಾನೂ ಒಂದು ಕಡೆ ಎಳೆದಳು. ಮುಸುಡಿ ಹೋಯಿತು.

ನಾನು ಹೆಲ್ಮಿಯ ಕಡೆ ತಿರುಗಿದೆ. "ನಿನ್ನೆ ನೀವೆಲ್ಲ ನೋಡುತ್ತ ನಿಂತಿದ್ದಿರಲ್ಲ, ಹೀಗಾಗುತ್ತದೆ ಎಂದು ಗೊತ್ತಿರಲಿಲ್ಲವೇ?"

"ಗೊತ್ತಿತ್ತು," ಎಂದರು ಹೆಲ್ಮಿ. ಅವರ ಮುಖ ಕೆಂಪಾಯಿತು. "ಆದರೆ ಇಬ್ಬರೂ ಅಷ್ಟು ನಿಶ್ಚಿಂತೆಯಿಂದ ಮಾಡಿದಿರಿ. ಇದು ಭಾರತದ ಯಾವುದೋ ಹಳೆಯ ವಿದ್ಯೆ ಇರಬೇಕು ಎಂದುಕೊಂಡೆವು. ಕೇಳುವುದು ಮರ್ಯಾದೆಯಲ್ಲ ಎನಿಸಿತು."

ಅಯ್ಯೋ ಶಿವನೇ! ನಮ್ಮ ಓಣಿಯಲ್ಲಾಗಿದ್ದರೆ ಹಾಲು ಹಾಕುವವನಿಂದ ಹಿಡಿದು ಹತ್ತು ಮಂದಿ ನಿಂತು ಬುದ್ಧಿ ಹೇಳಿರುತ್ತಿದ್ದರು. ಅವರಿಗೆ ಗೊತ್ತಿಲ್ಲದಿದ್ದರೂ ಹೇಳಿರುತ್ತಿದ್ದರು. ಕಿರಿಕಿರಿ ಎಂದು ಇಷ್ಟು ವರ್ಷ ಬೈದುಕೊಂಡದ್ದು ಅವರನ್ನೇ.

ಮುರಿದ ಎತ್ತಿನ ಬೆನ್ನ ಮೇಲೆ ಕೂತುಬಿಟ್ಟೆ. ಕಣ್ಣೀರು ಬಂತು, ಬಂದದ್ದು ರೆಪ್ಪೆಯಲ್ಲೇ ಗಟ್ಟಿಯಾಯಿತು. ಇನ್ನೊಂದು ಎತ್ತು ಕೊಯ್ಯಲು ಕೈಯಲ್ಲಿ ತ್ರಾಣವಿರಲಿಲ್ಲ. "ಮುಗೀತು ಗಿರಿಜಾ. ಮಂಜುಗ ಹೇಳು, ಯಂತ್ರ ತರಿಸಲಿ," ಎಂದೆ.

ಶಭಾಷ್, ಈಗಲಾದರೂ ಬುದ್ಧಿ ಬಂತು ಎನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಕಿತ್ತು ಬಂದ ಪಂಚೆಯನ್ನು ಮಡಚಿಡಲು ನೋಡುತ್ತಿದ್ದಳು. ಅದು ಮಡಚಲಿಲ್ಲ. ಸಿಟ್ಟಿನಿಂದ ನೆಲಕ್ಕೆ ಕುಕ್ಕಿದಳು. ಪಂಚೆ ಬೀಳಲಿಲ್ಲ. ಮಡಿಕೆ, ಸುಕ್ಕು ಎಲ್ಲ ಇದ್ದಂತೆಯೇ ತನ್ನ ಪಾಡಿಗೆ ತಾನು ನಿಂತುಕೊಂಡಿತು.

ಇಬ್ಬರೂ ಅದನ್ನೇ ನೋಡಿದೆವು.

"ರೀ," ಎಂದಳು ಗಿರಿಜಾ.

"ಸುಮ್ನಿರು," ಎಂದೆ. ಕೈ ಆಗಲೇ ಪಂಚೆಯ ಕಡೆ ಹೋಗಿತ್ತು.

ಸೀರೆ

ಬಟ್ಟೆಯನ್ನು ನಾನು ಎಂದೂ ವಸ್ತುವೆಂದು ಎಣಿಸಿರಲೇ ಇಲ್ಲ. ಅದು ಮೂರ್ತಿಯನ್ನು ಮುಚ್ಚಿಡುವ ಸಾಮಾನು ಅಷ್ಟೆ. ಈಗ ಬಿಸಿನೀರಲ್ಲಿ ಅದ್ದಿ ಮೇಲೆತ್ತಿ ಒಂದು ಆಕಾರಕ್ಕೆ ಹಿಡಿದುಕೊಂಡರೆ, ಒಂದು ಲೋಟ ಚಹಾ ಕುಡಿದು ಮುಗಿಸುವಷ್ಟರಲ್ಲಿ ಅದು ಹಾಗೆಯೇ ಗಟ್ಟಿಯಾಗುತ್ತಿತ್ತು. ಸುತ್ತಿಗೆ ಬೇಡ, ಉಳಿ ಬೇಡ, ಹೆಬ್ಬೆರಳಿನ ಹಂಗೂ ಬೇಡ. ಎರಡು ಅಂಗೈ ಸಾಕು.

ಗಿರಿಜಾ ತನ್ನ ನೂಲಿನ ಸೀರೆ ತಂದಳು. ಒಳಗೆ ಅಚ್ಚಿಗೆ ಏನು ಹಾಕುವುದು? "ನಾನ ನಿಂದರ್ತೀನಿ," ಎಂದಳು. ಹೆಲ್ಮಿ ತಮ್ಮ ಮಳೆಕೋಟನ್ನು ಅವಳ ಕೋಟಿನ ಮೇಲೆ ತೊಡಿಸಿದರು, ಕೈಗೆ ಪಾತ್ರೆ ತೊಳೆಯುವ ರಬ್ಬರು ಕೈಗವಸು ಕೊಟ್ಟರು. ಹಬೆಯಾಡುವ ಒದ್ದೆ ಸೀರೆಯನ್ನು ಗಿರಿಜಾ ಸುತ್ತಿಕೊಂಡಳು. ನಿರಿಗೆ ಹಿಡಿಯುವ ಕೈ ಅವಳದು, ಚಳಿಗಿಂತ ಬೇಗ ಓಡುತ್ತಿತ್ತು. ನಾನು ಮಡಿಕೆಗಳನ್ನು ಒತ್ತುತ್ತ, ನೀರು ಚಿಮುಕಿಸುತ್ತ ಸುತ್ತ ತಿರುಗಿದೆ. ಬಹಳ ಚೆನ್ನಾಗಿ ಬಂತು. ಒಂದೇ ತೊಂದರೆ, ಅವಳಿಗೆ ಹೊರಗೆ ಬರಲಾಗಲಿಲ್ಲ.

"ಈಗೇನು, ಚಳಿಗಾಲ ಮುಗಿಯೂತನಕ ಇಲ್ಲೇ ಇರ್ಲೇನು ನಾ?" ಎಂದು ಒಳಗಿನಿಂದ ಕೇಳಿದಳು.

ಸೀರೆ ಒಡೆದು ಅವಳನ್ನು ಬಿಡಿಸಿದೆವು. ಹೆಲ್ಮಿ ಮೊದಲ ಸಲ ಗಟ್ಟಿಯಾಗಿ ನಕ್ಕರು. ನಗು ಶುರುವಾದ ಮೇಲೆ ಅವರಿಗೆ ನಿಲ್ಲಿಸಲು ಬರುತ್ತಿರಲಿಲ್ಲ.

ಎರಡನೆಯ ಸೀರೆಗೆ ಬೆನ್ನು ತೆರೆದು ಬಿಟ್ಟೆವು. ಸೆರಗನ್ನು ತಲೆಯ ಮೇಲಿಂದ ಇಳಿಸಿದೆವು. ಹದವಾದಾಗ ಗಿರಿಜಾ ಮೆಲ್ಲಗೆ ಹಿಂದಕ್ಕೆ ಹೆಜ್ಜೆಯಿಟ್ಟು ಹೊರಬಂದಳು. ಸೀರೆ ಅಲ್ಲೇ ನಿಂತಿತು. ಮುಖವಿಲ್ಲ, ಕೈಯಿಲ್ಲ, ಆದರೂ ಅದು ಗಿರಿಜಾ. ಸೊಂಟವನ್ನು ತುಸು ಎಡಕ್ಕೆ ವಾಲಿಸಿ, ಯಾರನ್ನೋ ಬರ್ರಿ ಎಂದು ಕರೆಯುವ ಹಾಗೆ ಕತ್ತು ಮುಂದೆ ಚಾಚಿ ನಿಲ್ಲುವುದು ಅವಳ ರೀತಿ. ಇಷ್ಟು ವರ್ಷ ಸಂಸಾರ ಮಾಡಿದರೂ ನಾನದನ್ನು ನೋಡಿರಲಿಲ್ಲ. ಊರ ಕಲ್ಲು ಕಟ್ಟಿಗೆಯನ್ನೆಲ್ಲ ತಿರುಗಿಸಿ ತಿರುಗಿಸಿ ನೋಡಿದವನು ಮನೆಯವಳನ್ನು ನೋಡಿರಲಿಲ್ಲ. 

ಅವಳು ತನ್ನ ಸೀರೆಯ ಸುತ್ತ ಒಂದು ಸುತ್ತು ಬಂದಳು. "ನಾ ಹಿಂಗ ಅದೀನೇನು?" ಎಂದಳು. ಇನ್ನೊಂದು ಸುತ್ತು ಬಂದು, "ಚಲೋ ಅದೀನಿ," ಎಂದಳು.

ಹೆಲ್ಮಿಗೂ ಆಸೆಯಾಯಿತು. ಮನೆಗೆ ಹೋಗಿ ತಮ್ಮ ತಾಯಿ ನೇಯ್ದ ಮೇಜುಬಟ್ಟೆ ತಂದರು, ಹೊದ್ದು ನಿಂತರು. ಆಮೇಲೆ ನೋಡಬೇಕಿತ್ತು ಆ ಊರನ್ನು! ಒಬ್ಬೊಬ್ಬರೇ ಬಂದರು, ಮಾತಿಲ್ಲ ಕತೆಯಿಲ್ಲ, ಕಂಕುಳಲ್ಲಿ ಹಾಸಿಗೆಬಟ್ಟೆ, ಕಿಟಕಿಯ ಪರದೆ, ತೊಟ್ಟಿಲ ಹೊದಿಕೆ. ಗಿರಿಜಾ ನಡು ಬಗ್ಗಿಸಿ ಬಕೆಟ್ಟಿನ ಮುಂದೆ ನಿಂತು, "ಸಾಲು ಹಚ್ರಿ, ನೂಕಬ್ಯಾಡ್ರಿ!" ಎಂದು ಕನ್ನಡದಲ್ಲೇ ಗದರಿಸಿದಳು. ಯಾರೂ ನೂಕುತ್ತಿರಲಿಲ್ಲ. ಆದರೂ ಎಲ್ಲರೂ ಇನ್ನಷ್ಟು ನೆಟ್ಟಗೆ ನಿಂತರು.

ಕಡೆಯ ಸಂಜೆ

ಮೇಲ್ವಿಚಾರಕರು ಬಂದು ಒಂದೊಂದು ಬಟ್ಟೆಯನ್ನೂ ಬೆರಳಿನಿಂದ ತಟ್ಟಿ ನೋಡಿದರು. ಒಂದೂ ಅಲುಗಲಿಲ್ಲ. ಮುರಿದ ಎತ್ತಿನ ಸುತ್ತ ಊರೇ ನೆರೆದ ಹಾಗೆ, ಒಳಗೆ ಯಾರೂ ಇಲ್ಲದ ಜನ. ನಡುವೆ ಸೆರಗು ಹೊದ್ದ ಗಿರಿಜಾ. ಅವರು ತಮ್ಮ ಕೆಂಪು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಇದು ಇರಲಿ," ಎಂದಷ್ಟೇ ಹೇಳಿ ಹೋದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ ಎಂದರು ಹೆಲ್ಮಿ.

ಮನೆಗೆ ಬಂದು ಕೂತ ಮೇಲೆ ನನ್ನ ಖುಷಿ ಇಳಿಯತೊಡಗಿತು. ಲೆಕ್ಕ ಸರಿಯಾಗಿ ನೋಡಬೇಕಲ್ಲ. ಮಾತು ಕೊಟ್ಟವನು ನಾನು. ಎತ್ತು ಅರ್ಧಕ್ಕೇ ನಿಂತಿತ್ತು, ಅದನ್ನು ಕೊಯ್ದವಳೂ ಗಿರಿಜಾ. ಬಟ್ಟೆಯನ್ನು ನಿಲ್ಲಿಸಿದ್ದು ಆ ಊರಿನ ಚಳಿ. ಶಿರಸಿಗೆ ಆ ಚಳಿಯನ್ನು ಯಾವ ಪೆಟ್ಟಿಗೆಯಲ್ಲಿ ಒಯ್ಯಲಿ? ನಮ್ಮಲ್ಲಿ ಒದ್ದೆ ಸೀರೆ ತಂತಿಯ ಮೇಲೆ ಜೋತಾಡುತ್ತದೆ, ಅಷ್ಟೆ. ಜೀವನದಲ್ಲಿ ಕೈಗೆ ಸಿಕ್ಕಿದ ಎಲ್ಲಕ್ಕಿಂತ ಒಳ್ಳೆಯ ವಸ್ತು ಸಿಕ್ಕಿತ್ತು, ಅದನ್ನು ಇಲ್ಲೇ ಬಿಟ್ಟು ಹೋಗಬೇಕಿತ್ತು.

"ಗಿರಿಜಾ," ಎಂದೆ, "ಮಾತು ಅಂದ್ರ ಮಾತು. ಹೋದ ಮ್ಯಾಲೆ ಶೆಡ್ ಖಾಲಿ ಮಾಡೂನು."

ಅವಳು ಬನ್ನು ತಿನ್ನುತ್ತಿದ್ದಳು. ನನ್ನ ಮುಖ ನೋಡಿದಳು. ನನ್ನ ಊದಿದ ಕೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಇನ್ನೊಂದು ಕೈಯಿಂದ ಫೋನು ತೆಗೆದು ಮಂಜುಗೆ ಹಚ್ಚಿದಳು.

"ಮಂಜು, ಯಂತ್ರದಾವಂಗ ಹೇಳಿಯೇನು? ... ಹೇಳಿದ್ರ ಶೆಡ್ಡಿನ್ಯಾಗ ಬ್ಯಾಡ ಅನ್ನು. ಗಿರಣಿ ಮುಂದ ತಗಡ ಹಾಕಿ ಅಲ್ಲೇ ಕೂಡಿಸು. ಶೆಡ್ಡಿಗೆ ಕೈ ಹಚ್ಚಬ್ಯಾಡ."

ಮಂಜು ಆ ಕಡೆಯಿಂದ ಏನೋ ಕೇಳಿದ.

"ಅಪ್ಪಗ ಅಲ್ಲೋ, ನನಗ ಬೇಕಾಗೇತಿ," ಎಂದಳು ಗಿರಿಜಾ. "ಹಳೇ ಸೀರಿ ಒಂದೂ ಯಾರಿಗೂ ಕೊಡಬ್ಯಾಡ. ಹಿತ್ತಲದಾಗಿನ ದೊಡ್ಡ ಹಂಡೆ ತೊಳದಿಡು. ನಾ ಬಂದ ಕೂಡ್ಲೆ ಗಂಜಿ ಕಾಸಬೇಕು. ದಪ್ಪ ಗಂಜಿ, ಸೀರಿಗೆ ಹಾಕೂದು."

ಫೋನಿಟ್ಟು ನನ್ನ ಕಡೆ ತಿರುಗಿದಳು.

"ಹಿಮ ಇಲ್ಲದಿದ್ರ ಏನಾತ್ರಿ? ನನ್ನ ಸೀರಿ ಇಷ್ಟು ವರ್ಷ ಖಡಕ್ ನಿಂತಿದ್ದು ಯಾತರಿಂದ ಅಂತ ಮಾಡೀರಿ?"